ಆಟಿಯಲ್ಲಿ ಬಿಚ್ಚಬಹುದು, ಪೈಂಟು ಹೊಡೆಯಬಾರದು

ಬದಿಯಡ್ಕ ಸೀಮೆಯ ಒಂದು ಅಡಿಕೆ ಕೊಟ್ಟಗೆ. ಹೊರಗೆ ಜುಲೈ-ಆಗಸ್ಟಿನ ಆಟಿ ತಿಂಗಳ ಮಳೆ ಹಂಚು ಒಡೆಯುವ ಹಾಗೆ ಹೊಡೆಯುತ್ತಿದೆ. ಒಳಗೆ ಟಾರ್ಪಾಲು ಹೊದ್ದು ಮಲಗಿದ ವಿಲ್ಲಿಸ್ ಜೀಪಿನ ಪಿಕಪ್ಪು. ಸುತ್ತ ನಾಲ್ವರು: ಗಾಡಿಯ ಯಜಮಾನ ಭಾವಯ್ಯ, ಮೇಸ್ತ್ರಿ, ಟಿಂಕರು, ಮತ್ತೆ ಪುಸ್ತಕ ನೋಡದೆ ಸ್ಪ್ಯಾನರು ಮುಟ್ಟದ ಮಾಷ್ಟ್ರು. ನಡುವೆ ಚಾ ಮತ್ತು ಹಲಸಿನ ಹಪ್ಪಳ.

"ಬಣ್ಣ ಹಸಿರೇ ಆಗ್ಬೇಕು. ಗ್ರಿಲ್ಲು ಮಾತ್ರ ಬಿಳಿ," ಎಂದು ಭಾವಯ್ಯ ತೀರ್ಪು ಕೊಟ್ಟರು.

"ಮದುಮಗನಿಗೆ ಪೇಟ ತಂದಾಯ್ತು. ಉಸಿರು ಉಂಟಾ ಅಂತ ಇನ್ನು ನೋಡುವ," ಎಂದ ಮೇಸ್ತ್ರಿ.

ಮಾಷ್ಟ್ರು ಕನ್ನಡಕ ಏರಿಸಿದರು. "ಈ ಮಾದರಿ ಅಮೆರಿಕದಲ್ಲಿ ತಯಾರಾದದ್ದು 1947ರಿಂದ 1965ರವರೆಗೆ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 118 ಇಂಚು. ಎಂಜಿನು ಮೊದಲು ಗೋ ಡೆವಿಲ್, 1950ರಿಂದ ಹರಿಕೇನ್. ಎರಡೂ 134 ಘನ ಇಂಚು, ನಮ್ಮ ಲೆಕ್ಕದಲ್ಲಿ 2.2 ಲೀಟರು. ಹರಿಕೇನಿನಲ್ಲಿ ಪೆಟ್ರೋಲು ಒಳಗೆ ಬಿಡುವ ವಾಲ್ವು ಹೆಡ್ಡಿನಲ್ಲಿ, ಹೊಗೆ ಹೊರಗೆ ಬಿಡುವುದು ಬ್ಲಾಕಿನಲ್ಲಿ. ಅದಕ್ಕೇ ಎಂಜಿನು ಎತ್ತರ. ಸಿಜೆ 3ಬಿ ಜೀಪಿನ ಬಾನೆಟ್ಟು ಅಷ್ಟು ಮೇಲೆ ಇರುವುದೂ ಅದಕ್ಕೇ."

"ನಮಗೆ ಬೇಕಾದ್ದು ಅದರ ಮುಂದಿನ ಮಾತು," ಮೇಸ್ತ್ರಿ ಎಳೆ ಹಿಡಿದ. "ಆ ಜೀಪನ್ನು ಮಹೀಂದ್ರದವರು ಇಲ್ಲಿ ದಶಕಗಟ್ಟಲೆ ಮಾಡಿದರು. ಹಾಗಾಗಿ ಪಿಸ್ಟನ್ನು, ಬೇರಿಂಗು, ಗೇರು ಎಲ್ಲ ಬೆಂಗಳೂರು ಜೆ.ಸಿ. ರೋಡಿನಲ್ಲೋ ದಿಲ್ಲಿಯ ಕಶ್ಮೀರಿ ಗೇಟಿನಲ್ಲೋ ಹುಡುಕಿದರೆ ಸಿಗ್ತದೆ. ಸಿಗದ್ದು ಪಿಕಪ್ಪಿನ ಕ್ಯಾಬಿನ್ನು. ಬಾಗಿಲು, ಗಾಜಿನ ಚೌಕಟ್ಟು, ಹಿಂದಿನ ಮೂಲೆ, ಇದು ಯಾವುದೂ ಜೀಪಿನದ್ದು ಕೂರುವುದಿಲ್ಲ. ತೆಗೆದುಕೊಳ್ಳುವವರು ಎಂಜಿನು ಸತ್ತ ಗಾಡಿ ತಗೊಳ್ಳಲಿ, ತೊಂದರೆ ಇಲ್ಲ. ಕ್ಯಾಬಿನ್ನು ಸತ್ತದ್ದು ಬೇಡ."

"ಇದರ ಕ್ಯಾಬಿನ್ನು ಗಟ್ಟಿ ಉಂಟಲ್ಲ," ಎಂದು ಭಾವಯ್ಯ ಬಾಗಿಲಿಗೆ ಒಂದು ಬಾರಿಸಿದರು. ಅಂಗೈಯಗಲದ ಪುಟ್ಟಿ ಕಳಚಿ ಚಾದ ಲೋಟದ ಪಕ್ಕ ಬಿತ್ತು.

ಟಿಂಕರು ಅದನ್ನು ಎತ್ತಿ ಹಪ್ಪಳದ ಪಕ್ಕ ಇಟ್ಟು ಅಳೆದ. "ಹಪ್ಪಳಕ್ಕಿಂತ ಹತ್ತು ಪಾಲು ದಪ್ಪ! ಪುಟ್ಟಿ ಎರಡು ಮೂರು ಮಿಲಿಮೀಟರ್ ಮೀರಬಾರದು ಭಾವಯ್ಯ. ಇದು ಗೋಡೆಗೆ ಗಾರೆ ಮಾಡಿದ ಹಾಗೆ ಮೆತ್ತಿದ್ದಾರೆ. ಪುಟ್ಟಿ ನೀರು ಹೀರ್ತದೆ, ಅಡಿಯಲ್ಲಿ ತುಕ್ಕು ಆರಾಮಾಗಿ ಸಂಸಾರ ಮಾಡ್ತದೆ. ಒಂದು ಅಯಸ್ಕಾಂತ ಹಿಡಿದು ಬಾಡಿಯ ಸುತ್ತ ನಡೆಯಿರಿ. ಎಲ್ಲಿ ಹಿಡಿಯುವುದಿಲ್ಲವೋ ಅಲ್ಲಿ ಕಬ್ಬಿಣ ಇಲ್ಲ, ಹಿಂದಿನವರ ಧೈರ್ಯ ಮಾತ್ರ ಇರುವುದು."

ಹಳೆ ಗಾಡಿಯ ದೊಡ್ಡ ಶತ್ರು ತುಕ್ಕು ಅಂತ ಲೋಕ ಹೇಳುತ್ತದೆ. ಅದು ಅರ್ಧ ಸತ್ಯ. ತುಕ್ಕಿಗೆ ಒಂದು ಕ್ರಮ ಇದೆ: ನೀರು ನಿಲ್ಲುವಲ್ಲಿ ಬರುತ್ತದೆ, ನಿಲ್ಲದಲ್ಲಿ ಬರುವುದಿಲ್ಲ. ಹಿಂದಿನ ಯಜಮಾನರ ಉಪಾಯಕ್ಕೆ ಕ್ರಮವೇ ಇಲ್ಲ. ಅದು ಎಲ್ಲಿ ಬೇಕಾದರೂ ಬರುತ್ತದೆ.

"ಛಾಸಿಸು ನೋಡುವ," ಎಂದು ಮೇಸ್ತ್ರಿ ಸಣ್ಣ ಸುತ್ತಿಗೆ ಹಿಡಿದು ಗಾಡಿಯ ಅಡಿಗೆ ನುಸುಳಿದ. "ಹಲಸಿನಕಾಯಿ ಬಡಿದು ನೋಡುವ ಹಾಗೆಯೇ. ಟಣ್ ಟಣ್ ಅಂದರೆ ಕಾಯಿ, ಒಳ್ಳೆಯದು. ದಬ ದಬ ಅಂದರೆ ಹಣ್ಣಾಗಿದೆ ಅಂತ."

ಟಣ್. ಟಣ್. ಟಣ್. ದಬ.

"ಹಿಂದಿನ ಸ್ಪ್ರಿಂಗ್ ಪ್ಲೇಟಿನ ಬ್ರಾಕೆಟ್ ಹತ್ತಿರ ಹಣ್ಣಾಗಿದೆ. ಈ ಗಾಡಿ ಎಂತ ಹೇರ್ತಿತ್ತು?"

"ಗೊಬ್ಬರ. ಪೊಟಾಷ್."

"ಅದೇ. ಪೊಟಾಷ್ ಅಂದರೆ ಕ್ಲೋರೈಡ್ ಉಪ್ಪು," ಎಂದರು ಮಾಷ್ಟ್ರು. "ಕಡಪ್ಪುರದ ಮೀನಿನ ಗಾಡಿಗೂ ಗೊಬ್ಬರದ ಗಾಡಿಗೂ ರೋಗ ಒಂದೇ. ಉಪ್ಪುನೀರು ಡೆಕ್ಕಿನ ಸಂದಿನಿಂದ ಇಳಿದು ಛಾಸಿಸಿನ ಒಳಮಗ್ಗುಲಿನಲ್ಲಿ ಮಣ್ಣಿನ ಜತೆ ಕೂರ್ತದೆ. ಹೊರಗಿನಿಂದ ತೊಳೆದರೆ ಅದಕ್ಕೆ ಗೊತ್ತೇ ಆಗುವುದಿಲ್ಲ."

ಕೊಳೆತ ಭಾಗಕ್ಕೆ ಮೇಲಿಂದ ಪಟ್ಟಿ ಅಂಟಿಸಿದರೆ ಸಾಕಲ್ಲ ಎಂದು ಭಾವಯ್ಯ ಕೇಳಿದ್ದೇ ತಡ, ಟಿಂಕರಿಗೆ ಸಿಟ್ಟು ಬಂತು. "ಮೇಲಿಂದ ಅಂಟಿಸಿದರೆ ಎರಡು ತಗಡಿನ ನಡುವೆ ನೀರಿಗೆ ಒಂದು ಬಾಡಿಗೆ ಕೋಣೆ ಕಟ್ಟಿಕೊಟ್ಟ ಹಾಗೆ. ತುಕ್ಕು ಹಿಡಿದದ್ದನ್ನು ಒಳ್ಳೆ ಕಬ್ಬಿಣ ಸಿಗುವವರೆಗೆ ಕತ್ತರಿಸಬೇಕು. ಅದೇ ಅಳತೆಯ ತುಂಡು ಮಾಡಿ ಅಂಚಿಗೆ ಅಂಚು ಕೂರಿಸಬೇಕು. ಬಾಡಿಗೆ 18 ಗೇಜ್ ತಗಡು, ಛಾಸಿಸಿಗೆ 3 ಮಿಲಿಮೀಟರ್. ತಗಡಿಗೆ ಮಿಗ್ ವೆಲ್ಡಿಂಗೇ ಒಳ್ಳೆಯದು. ಅದೂ ಒಂದೇ ಗೆರೆ ಎಳೆಯುವುದಲ್ಲ. ಇಲ್ಲಿ ಒಂದು ಚುಕ್ಕಿ, ಗೇಣು ದೂರದಲ್ಲಿ ಇನ್ನೊಂದು, ಮತ್ತೆ ಆಚೆ ಬದಿಯಲ್ಲಿ. ಒಂದೇ ಕಡೆ ಬಿಸಿ ಮಾಡಿದರೆ ತಗಡು ಈ ಹಪ್ಪಳದ ಹಾಗೆ ಸೊಟ್ಟ ಆಗ್ತದೆ. ಬ್ಯಾಟರಿಯ ವಯರು ಮೊದಲೇ ಕಳಚಬೇಕು."

"ಪೆಟ್ರೋಲ್ ಟ್ಯಾಂಕಿನ ತೂತನ್ನೂ ಹಾಗೇ—"

"ಬೇಡ!" ಮೂವರೂ ಒಟ್ಟಿಗೆ ಕೂಗಿದರು.

"ಖಾಲಿ ಟ್ಯಾಂಕೇ ತುಂಬಿದ್ದಕ್ಕಿಂತ ಅಪಾಯ," ಎಂದ ಮೇಸ್ತ್ರಿ. "ಒಳಗೆ ಆವಿ ಇರ್ತದೆ. ಕಿಡಿ ತಾಗಿದರೆ ಕೊಟ್ಟಗೆಯ ಹಂಚು ಲೆಕ್ಕ ಮಾಡಲಿಕ್ಕೆ ನಾವು ಇರುವುದಿಲ್ಲ. ಟ್ಯಾಂಕು ಕಳಚಿ, ಅದೇ ಕೆಲಸ ಗೊತ್ತಿದ್ದವರಿಗೆ ಕೊಡಿ."

ಮಾತು ಬಿಗಿದ ಬೋಲ್ಟುಗಳಿಗೆ ತಿರುಗಿತು. ಅಸಿಟೋನು, ಆಟೋಮ್ಯಾಟಿಕ್ ಗೇರಿನ ಎಣ್ಣೆ, ಎರಡೂ ಸಮಸಮ. ಒಂದಕ್ಕೊಂದು ಬೆರೆಯದ ಜಾತಿ ಆದ್ದರಿಂದ ಪ್ರತಿ ಸಲ ಕುಲುಕಿ ಹನಿಸಬೇಕು, ಒಂದು ರಾತ್ರಿ ಬಿಡಬೇಕು. ಅದು ಒದ್ದೆ ಇರುವಾಗ ಗ್ಯಾಸಿನ ಬೆಂಕಿ ಹಿಡಿದರೆ ಬೋಲ್ಟು ಬರುವ ಮೊದಲು ಹುಬ್ಬು ಹೋಗುತ್ತದೆ. ಇಷ್ಟನ್ನು ಮೇಸ್ತ್ರಿ ಹೇಳಿ ಮುಗಿಸುವಾಗ ಭಾವಯ್ಯ ವೀಲ್ ಸ್ಪ್ಯಾನರಿನ ಮೇಲೆ ಎರಡೂ ಕಾಲು ಇಟ್ಟು ನಿಂತಾಗಿತ್ತು.

"ಇಳಿಯಿರಿ, ಇಳಿಯಿರಿ! ಅದು ಎಡಗಡೆಯ ಚಕ್ರ!"

"ಎಡಗಡೆಯಾದರೆ ಎಂತ?"

"ಹಳೆ ವಿಲ್ಲಿಸಿನಲ್ಲಿ ಎಡಗಡೆ ಚಕ್ರದ ನಟ್ಟು ಉಲ್ಟಾ ಥ್ರೆಡ್ಡು. ಸ್ಟಡ್ಡಿನ ತುದಿ ಉಜ್ಜಿ ನೋಡಿ, ಇಂಗ್ಲಿಷಿನ ಎಲ್ ಅಕ್ಷರ ಕಾಣ್ತದೆ. ನೀವು ಬಿಚ್ಚುವುದಲ್ಲ, ಬಿಗಿಯುತ್ತಾ ಇದ್ದೀರಿ. ಇನ್ನು ಎರಡು ಕಿಲೋ ಭಾರ ಹಾಕಿದರೆ ಸ್ಟಡ್ಡು ತುಂಡು."

ಭಾವಯ್ಯ ಇಳಿದರು. ಗಾಡಿ ನಿಟ್ಟುಸಿರು ಬಿಟ್ಟಿತು. ಅದು ಸ್ಪ್ರಿಂಗಿನ ಸದ್ದೂ ಇರಬಹುದು.

ಬಿಚ್ಚಿದ ಸಣ್ಣ ಸಾಮಾನಿನ ತುಕ್ಕು ತೆಗೆಯಲು ಕರೆಂಟಿನ ದಾರಿ ಒಳ್ಳೆಯದು ಎಂದು ಮಾಷ್ಟ್ರು ಪಾಠ ಶುರು ಮಾಡಿದರು. "ಪ್ಲಾಸ್ಟಿಕ್ ಡ್ರಮ್ಮು, 50 ಲೀಟರು ನೀರು, 200 ಗ್ರಾಂ ವಾಷಿಂಗ್ ಸೋಡಾ. ಅಡುಗೆ ಉಪ್ಪು ಹಾಕಬಾರದು, ಕ್ಲೋರಿನ್ ಗ್ಯಾಸು ಬರ್ತದೆ. 12 ವೋಲ್ಟಿನ ಚಾರ್ಜರು. ನೆಗೆಟಿವ್ ವಯರು ನಮ್ಮ ಸಾಮಾನಿಗೆ, ಪಾಸಿಟಿವ್ ಯಾವುದಾದರೂ ಬೇಡದ ಕಬ್ಬಿಣದ ತುಂಡಿಗೆ. ತಿರುಗಮುರುಗ ಆದರೆ ಬೇಕಾದದ್ದು ಕರಗಿ ಬೇಡದ್ದು ಚೊಕ್ಕ ಆಗ್ತದೆ. ಬೇಡದ ತುಂಡು ಸ್ಟೀಲಿನ ತಟ್ಟೆ ಆಗಬಾರದು. ಸ್ಟೇನ್‌ಲೆಸ್ಸಿನಲ್ಲಿರುವ ಕ್ರೋಮಿಯಂ ವಿಷವಾಗಿ ನೀರಿಗೆ ಇಳಿಯುತ್ತದೆ. ಒಂದು ಹಗಲು ಒಂದು ರಾತ್ರಿ ಬಿಡಿ, ನಡುವೆ ಒಮ್ಮೆ ಸಾಮಾನು ತಿರುಗಿಸಿ. ಬೇಡದ ತುಂಡಿಗೆ ಎದುರಾಗಿರುವ ಮೈಯೇ ಬೇಗ ಶುದ್ಧವಾಗುವುದು. ಗುಳ್ಳೆ ಬರುವುದು ಹೈಡ್ರೋಜನ್, ಹತ್ತಿರ ಬೀಡಿ ಬೇಡ."

"ಡ್ರಮ್ಮಿಗೆ ನಮ್ಮಲ್ಲಿ ಬರವಾ? ಮೈಲುತುತ್ತು ಕರಗಿಸುವ ಡ್ರಮ್ಮು ಉಂಟು," ಎಂದರು ಭಾವಯ್ಯ.

ಅಡಿಕೆ ತೋಟದವರ ಮನೆಯಲ್ಲಿ ಇದು ಬರಲೇಬೇಕಾದ ಮಾತು. ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ 100 ಲೀಟರು ನೀರು, ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಅಂತ ಲೆಕ್ಕ ಹಾಕುವ ಮನೆಯಲ್ಲಿ ಡ್ರಮ್ಮಿಗೆ ಬರವಿಲ್ಲ, ತೊಳೆದ ಡ್ರಮ್ಮಿಗೆ ಬರ.

"ಅದರಲ್ಲಿ ಹಾಕಿದರೆ ಮೈಲುತುತ್ತಿನ ತಾಮ್ರ ಹೋಗಿ ಕಬ್ಬಿಣದ ಮೇಲೆ ಕೂರ್ತದೆ," ಮಾಷ್ಟ್ರು ತಲೆ ಚಚ್ಚಿಕೊಂಡರು. "ಸಾಮಾನು ಕೆಂಪು ಕೆಂಪಾಗಿ ಚಂದ ಕಾಣಬಹುದು. ಆಮೇಲೆ ಒದ್ದೆಯಾದಾಗ ತಾಮ್ರದ ಪಕ್ಕದ ಕಬ್ಬಿಣ ಇನ್ನೂ ಬೇಗ ತಿಂದುಹೋಗ್ತದೆ. ಬೇರೆ ಡ್ರಮ್ಮು ತನ್ನಿ. ಮತ್ತೆ ಸ್ಪ್ರಿಂಗ್ ಪ್ಲೇಟನ್ನು ಈ ಸ್ನಾನಕ್ಕೆ ಇಳಿಸಬೇಡಿ. ಹದ ಹಾಕಿದ ಉಕ್ಕು ಹೈಡ್ರೋಜನ್ ಹೀರಿ ಪೆಡಸಾಗಿ ಭಾರ ಬಿದ್ದಾಗ ಮುರಿಯಬಹುದು. ಅದಕ್ಕೆ ತಂತಿ ಬ್ರಷ್ಷೇ ಗತಿ."

"ಸ್ನಾನ ಆದ ಕೂಡಲೇ ಒರೆಸಿ ಪ್ರೈಮರು," ಟಿಂಕರು ಸೇರಿಸಿದ. "ಈ ಹವೆಯಲ್ಲಿ ಊಟ ಮಾಡಿ ಬರುವ ಅಂತ ಹೋದರೆ, ಎಲೆ ಎತ್ತುವಷ್ಟರಲ್ಲಿ ಕೆಂಪು ತುಕ್ಕು ವಾಪಸ್."

"ಪ್ರೈಮರು ಹಾಕುವಾಗಲೇ ಹಸಿರೂ—"

"ಆಟಿಯಲ್ಲಿ ಮದುವೆ ಮಾಡ್ತೀರಾ ನೀವು?" ಎಂದ ಟಿಂಕರು.

"ಇಲ್ಲ."

"ಪೈಂಟೂ ಇಲ್ಲ. ಥಿನ್ನರು ಆರುವಾಗ ತಗಡು ತಣ್ಣಗಾಗ್ತದೆ. ಗಾಳಿಯ ಪಸೆ ಅದರ ಮೇಲೆ ಕೂತು ಬಣ್ಣಕ್ಕೆ ಬಿಳಿ ಮಂಜು ಹಿಡೀತದೆ. ನಿಮ್ಮ ಹಸಿರು ಹೋಗಿ ಹಾವಸೆ ಆಗ್ತದೆ. ಡಿಸೆಂಬರು, ಜನವರಿ ಬರಲಿ."

ಎಂಜಿನು ಜಾಮು. ಅದಕ್ಕೆ ಮೇಸ್ತ್ರಿಯ ಮದ್ದು ತಾಳ್ಮೆ: ಹೆಡ್ಡು ಬಿಚ್ಚುವುದು, ಪ್ರತಿ ಸಿಲಿಂಡರಿಗೆ ಅದೇ ಕುಲುಕಿದ ಎಣ್ಣೆ ಎರಡು ಮೂರು ಚಮಚ, ಒಂದು ವಾರ ಬಿಡುವುದು, ಮತ್ತೆ ಮುಂದಿನ ಹ್ಯಾಂಡಲು ಹಾಕಿ ಹಿಂದೆ ಮುಂದೆ ಮೆಲ್ಲ ಅಲುಗಿಸುವುದು. ಗೇರಿಗೆ ಹಾಕಿ ಇನ್ನೊಂದು ಗಾಡಿಯಿಂದ ಎಳೆಸಿದರೆ ರಿಂಗು ಮುರಿದು ರಾಡು ಬಗ್ಗುತ್ತದೆ. ಹ್ಯಾಂಡಲು ಹಿಡಿಯುವಾಗ ಹೆಬ್ಬೆರಳೂ ಉಳಿದ ನಾಲ್ಕರ ಬದಿಯಲ್ಲೇ ಇರಬೇಕು, ಸುತ್ತ ಹಿಡಿಯಬಾರದು. ಎಂಜಿನು ಹಿಂದಕ್ಕೆ ಒದ್ದರೆ ಆಮೇಲೆ ಊಟಕ್ಕೆ ಎಡಗೈ. ಹೆಡ್ಡು ವಾಪಸ್ ಕೂರಿಸುವಾಗ ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ, ಕೊನೆಗೆ 60ರಿಂದ 70 ಪೌಂಡು-ಅಡಿ.

"ಪ್ಲಗ್ಗಿನ ವಯರು ನಾನೇ ಹಾಕ್ತೇನೆ, ಒಂದು ಎರಡು ಮೂರು ನಾಲ್ಕು," ಎಂದರು ಭಾವಯ್ಯ ಉತ್ಸಾಹದಲ್ಲಿ.

"ಒಂದು ಮೂರು ನಾಲ್ಕು ಎರಡು," ಎಂದರು ಮಾಷ್ಟ್ರು. "ಅದೂ ರೋಟರು ತಿರುಗುವ ದಿಕ್ಕಿನಲ್ಲಿ, ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ. ಗಡಿಯಾರದ ಹಾಗೆ ಹಾಕಿದರೆ ಎರಡೂ ಮೂರೂ ಅದಲು ಬದಲು ಆಗಿ, ವಾಲ್ವು ತೆರೆದಿರುವಾಗ ಕಿಡಿ ಹಾರ್ತದೆ. ಕಾರ್ಬುರೇಟರಿನಿಂದ ಢಂ!"

"ತೋಟಕ್ಕೆ ಹಂದಿ ಬರುವುದು ನಿಲ್ಲಬಹುದು."

"ಹಂದಿಗೆ ಬೇರೆ ಉಪಾಯ ನೋಡಿ. ಪಾಯಿಂಟಿನ ಸಂದು 20 ತೌ, ಪ್ಲಗ್ಗಿನದ್ದು 30 ತೌ, ತೌ ಅಂದರೆ ಇಂಚಿನ ಸಾವಿರದ ಒಂದು ಪಾಲು, ಫೀಲರ್ ಗೇಜಿನಲ್ಲೇ ಅಳೆಯಬೇಕು, ಉಗುರಿನಲ್ಲಿ ಅಲ್ಲ. ಮತ್ತೆ ಇದು 6 ವೋಲ್ಟಿನದ್ದು. ವೋಲ್ಟು ಅರ್ಧ ಆದರೆ ಕರೆಂಟು ಎರಡು ಪಾಲು ಹರಿಯಬೇಕು. ಹಿಂದಿನವರು ಸೆಲ್ಫಿಗೆ 12 ವೋಲ್ಟಿನ ಸಪೂರ ಕೇಬಲು ಹಾಕಿದ್ದಾರೆ ನೋಡಿ. ಅದಕ್ಕೇ ಸೆಲ್ಫು ಗರ್ರ್ ಅಂತ ಗೊಣಗುವುದು. ಬೆರಳಿನಷ್ಟು ದಪ್ಪದ್ದು ಬೇಕು, ಅರ್ತಿನ ಪಟ್ಟಿಯೂ ಅಷ್ಟೇ."

ಬ್ರೇಕಿನ ಡಬ್ಬಿ ತೆರೆದಾಗ ಮೇಸ್ತ್ರಿ ಮೂಸಿ ನೋಡಿ ಸುಮ್ಮನಾದ. ಬೆರಳಿಗೆ ಹತ್ತಿದ್ದು ಎಂಜಿನ್ ಎಣ್ಣೆ. "ಇದು ಬುದ್ಧಿವಂತಿಕೆಯ ತುತ್ತತುದಿ. ಈ ಎಣ್ಣೆ ತಾಗಿದರೆ ಸಿಲಿಂಡರಿನ ರಬ್ಬರು ಸೀಲುಗಳು ಉಬ್ಬಿ ಬ್ರೇಕು ಹಿಡಿದದ್ದು ಬಿಡುವುದಿಲ್ಲ. ಎಲ್ಲ ಸೀಲೂ ಹೊಸತು, ಲೈನು ಸ್ಪಿರಿಟ್ಟಿನಲ್ಲಿ ತೊಳೆದು ಒಣಗಿಸಿ ಡಾಟ್ 3 ಬ್ರೇಕ್ ಎಣ್ಣೆ ಹಾಕಬೇಕು. ಅದು ಗಾಳಿಯ ನೀರು ಕುಡೀತದೆ, ಮುಚ್ಚಳ ತೆರೆದು ಇಡಬಾರದು. ಪೈಂಟಿಗೆ ತಾಗಿದರೆ ಪೈಂಟೂ ಎದ್ದು ಬರ್ತದೆ. ಗಾಳಿ ತೆಗೆಯುವುದು ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರು. ಪೆಡಲಿಗೆ ಅರ್ಧ ಇಂಚು ಸಡಿಲ ಇರಲೇಬೇಕು. ಇಲ್ಲದಿದ್ದರೆ ಎಣ್ಣೆ ವಾಪಸ್ ಬರುವ ಸಣ್ಣ ತೂತು ಮುಚ್ಚಿಹೋಗಿ ನಾಲ್ಕೂ ಡ್ರಮ್ಮು ಹೋಳಿಗೆ ಕಾವಲಿ ಆಗ್ತದೆ."

ಪೆಟ್ರೋಲಿನ ವಿಷಯ ಒಂದೇ ಮಾತಿನಲ್ಲಿ ಮುಗಿಯಿತು: ಈಗಿನದರಲ್ಲಿ 20 ಶೇಕಡ ಎಥನಾಲ್, ಅದು ಹಳೆ ರಬ್ಬರನ್ನು ಮೆತ್ತಗೆ ಮಾಡುತ್ತದೆ, ಹಾಗಾಗಿ ಪಂಪಿನ ಡಯಾಫ್ರಾಮೂ ಪೈಪೂ ಎಥನಾಲ್ ತಡೆಯುವಂಥದ್ದೇ ಆಗಬೇಕು, ಮಳೆಗಾಲವಿಡೀ ಓಡಿಸದೆ ಇಡುವುದಾದರೆ ಟ್ಯಾಂಕು ಬರಿದು ಮಾಡಬೇಕು. ಗೇರು ಬಾಕ್ಸಿಗೆ 90 ನಂಬ್ರದ ಎಣ್ಣೆ, ಜಿ.ಎಲ್. 4 ದರ್ಜೆಯದ್ದು. ಅಂಗಡಿಯವ ಜಿ.ಎಲ್. 5 ಇನ್ನೂ ಒಳ್ಳೆಯದು ಅಂತ ಕೊಟ್ಟರೆ ಬೇಡ ಅನ್ನಬೇಕು, ಅದರ ಗಂಧಕ ಹಿತ್ತಾಳೆಯ ರಿಂಗುಗಳನ್ನು ತಿನ್ನುತ್ತದೆ.

"ಇಷ್ಟೆಲ್ಲ ಆದ ಮೇಲೆ ವಿಂಟೇಜ್ ನಂಬ್ರ ಸಿಗ್ತದಲ್ಲ? ಕೆ.ಎಲ್. ವಿ.ಎ.?" ಭಾವಯ್ಯನ ಮುಖ ಅರಳಿತು.

ಮಾಷ್ಟ್ರು ಕೆಮ್ಮಿದರು. "2021ರ ಕೇಂದ್ರ ನಿಯಮ. 50 ವರ್ಷ ದಾಟಿರಬೇಕು, ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷಕ್ಕೆ. ಆದರೆ ಅದು ದ್ವಿಚಕ್ರಕ್ಕೆ, ಮತ್ತೆ ಜನ ಕೂರುವ ನಾಲ್ಕು ಚಕ್ರದ ಗಾಡಿಗೆ. ನಿಮ್ಮ ಆರ್.ಸಿ.ಯಲ್ಲಿ ಗೂಡ್ಸ್ ಅಂತ ಉಂಟು. ಸಿಕ್ಕಿದರೂ ದಿನಾ ಓಡಿಸಲಿಕ್ಕಿಲ್ಲ, ಬಾಡಿಗೆಗೆ ಹೇರಲಿಕ್ಕಿಲ್ಲ."

ಮಳೆ ಸ್ವಲ್ಪ ಕಡಿಮೆಯಾಯಿತು. ಭಾವಯ್ಯ ಯೋಚಿಸಿದರು. "ಡೆಕ್ಕಿಗೆ ಎರಡು ಬೆಂಚು ವೆಲ್ಡ್ ಮಾಡಿ, ಜನ ಕೂರುವ ಗಾಡಿ ಅಂತ ಬರೆಸಿದರೆ?"

"ಛಾಸಿಸು, ಬಾಡಿ, ಎಂಜಿನು ಬದಲಿಸಿದರೆ ಮೂಲರೂಪ ಹೋಯ್ತು, ನಿಯಮವೂ ಹೋಯ್ತು."

ಮೇಸ್ತ್ರಿ ಪುಟ್ಟಿಯ ತುಂಡನ್ನು ಭಾವಯ್ಯನ ಕೈಗೆ ಕೊಟ್ಟ. "ತಗೊಳ್ಳಿ. ಹಿಂದಿನ ಯಜಮಾನರ ಪಟ್ಟಿಗೆ ನೀವೂ ಸೇರಿದಿರಿ."

ಭಾವಯ್ಯ ಅದನ್ನು ಎರಡೂ ಬದಿ ತಿರುಗಿಸಿ ನೋಡಿದರು. "ಹಸಿರು ಅಂತೂ ಹೊಡೀಬಹುದಲ್ಲ?"

"ಡಿಸೆಂಬರಿನಲ್ಲಿ," ಎಂದರು ಮೂವರೂ, ಹಪ್ಪಳಕ್ಕೆ ಕೈ ಹಾಕುತ್ತಾ.