ಕಾಲಿನ ರಕ್ತನಾಳಕ್ಕೆ ಡಾಪ್ಲರ್ ಸಾಕೇ, ಸಿಟಿಯೇ ಬೇಕೇ?

ತೀರ್ಥಹಳ್ಳಿ ತೋಟದವ: ತಂದೆಗೆ 68. ಸಕ್ಕರೆ ಕಾಯಿಲೆ ಹಳೆಯದು, ಬೀಡಿ ಬಿಟ್ಟಿಲ್ಲ. ಅಡಿಕೆ ತೋಟದಿಂದ ಮನೆಗೆ ದಿಬ್ಬ ಹತ್ತುವಾಗ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಬಿಡುತ್ತದೆ. ಶಿವಮೊಗ್ಗದಲ್ಲಿ ಒಬ್ಬ ವೈದ್ಯರು ಡಾಪ್ಲರ್ (ಶಬ್ದತರಂಗದಿಂದ ರಕ್ತದ ಹರಿವು ನೋಡುವ ಸ್ಕ್ಯಾನ್) ಎಂದರು, ಇನ್ನೊಬ್ಬರು ನೇರವಾಗಿ ಸಿಟಿ ಆಂಜಿಯೋಗ್ರಾಂ (ನಾಳ ಎದ್ದು ಕಾಣಲು ಔಷಧಿ ಚುಚ್ಚಿ ಎಕ್ಸ್‌ರೇಯಿಂದ ತೆಗೆಯುವ ಚಿತ್ರ) ಎಂದರು. ಯಾವುದು ಸರಿ?

ಸಾಗರದವ: ಸಿಟಿಯನ್ನೇ ಮಾಡಿಸಿ. ಹೊಟ್ಟೆಯಿಂದ ಪಾದದವರೆಗೆ ಇಡೀ ನಾಳ ಕೆಲವೇ ನಿಮಿಷಗಳಲ್ಲಿ ಸಿಗುತ್ತದೆ. ಡಾಪ್ಲರ್‌ಗೂ ಕೊಟ್ಟು ಸಿಟಿಗೂ ಕೊಡುವುದು ದಂಡ.

ಸ್ಕ್ಯಾನ್ ಕೊಠಡಿಯವಳು: ಅದಿರಲಿ, ತೋಳಿನಲ್ಲೂ ಕಣಕಾಲಿನಲ್ಲೂ ಬಿಪಿ ನೋಡಿದರೇ? ಕಣಕಾಲಿನದನ್ನು ತೋಳಿನದರಿಂದ ಭಾಗಿಸಿ 0.90 ಅಥವಾ ಕಡಿಮೆ ಬಂದರೆ ಕಾಲಿನ ನಾಳ ಕಿರಿದಾದ ಕಾಯಿಲೆ ಇದೆ ಎಂದೇ ಲೆಕ್ಕ. ನಾಳದೊಳಗೆ ಬಲೂನ್ ಉಬ್ಬಿಸಿ ದಾರಿ ಬಿಡಿಸುವುದೋ, ಮುಚ್ಚಿದ ಜಾಗ ಬಳಸಿ ಬೇರೆ ನಾಳ ಜೋಡಿಸುವ ಬೈಪಾಸೋ ಎಂಬ ಮಾತು ಬಂದಾಗಲೇ ನಾಳದ ನಕ್ಷೆ ಬೇಕಾಗುವುದು.

ತೀರ್ಥಹಳ್ಳಿ ತೋಟದವ: ನೋಡಿದರು, 1.45. ಒಳ್ಳೆಯದೇ ಅಲ್ಲವೇ?

ಸ್ಕ್ಯಾನ್ ಕೊಠಡಿಯವಳು: ಖಂಡಿತ ಅಲ್ಲ. 1.40 ದಾಟಿತೆಂದರೆ ನಾಳದ ಗೋಡೆಗೆ ಸುಣ್ಣ ಕಟ್ಟಿದೆ, ಬಿಪಿ ಪಟ್ಟಿ ಎಷ್ಟು ಬಿಗಿದರೂ ನಾಳ ಅಮುಕುತ್ತಿಲ್ಲ ಎಂದು. ಸಕ್ಕರೆ ಕಾಯಿಲೆಯವರಲ್ಲಿ ಇದು ಹೊಸದಲ್ಲ. ಆಗ ಕಾಲಿನ ಹೆಬ್ಬೆರಳಿನ ರಕ್ತದೊತ್ತಡ ಅಳೆಯಬೇಕು. ಸಾಗರದವರೇ, ಇದೇ ಸುಣ್ಣ ಸಿಟಿಯಲ್ಲಿ ಬೆಳ್ಳಗೆ ಹರಡಿಕೊಂಡು, ಮೊಣಕಾಲಿನ ಕೆಳಗಿನ ಸಣ್ಣ ನಾಳ ತೆರೆದಿದೆಯೋ ಮುಚ್ಚಿದೆಯೋ ಗೊತ್ತಾಗಲು ಬಿಡುವುದಿಲ್ಲ.

ಹೊಸನಗರದ ಓದುಗ: ಹಾಗಾದರೆ ಎಂಆರ್ ಆಂಜಿಯೋಗ್ರಾಂ, ಅಂದರೆ ಅಯಸ್ಕಾಂತದ ಯಂತ್ರದಲ್ಲಿ ತೆಗೆಯುವ ನಾಳದ ಚಿತ್ರ. ಸುಣ್ಣದ ಕಾಟವೂ ಇಲ್ಲ, ವಿಕಿರಣವೂ ಇಲ್ಲ.

ಸಾಗರದವ: ಕಿಡ್ನಿ ಸೋತವರಿಗೆ ಎಂಆರ್‌ಗೆ ಚುಚ್ಚುವ ಗಡೋಲಿನಿಯಂ ಔಷಧಿ ಕೊಟ್ಟು ಚರ್ಮ ಬಿಗಿದುಕೊಂಡ ಕಥೆ ಮರೆತಿರಾ?

ಹೊಸನಗರದ ಓದುಗ: ಅದು ಹಳೆಯ ಬಗೆಯದು. ಈಗಿನವುಗಳಲ್ಲಿ ಆ ಅಪಾಯ ತೀರಾ ಕಡಿಮೆ. ನಿಮ್ಮ ಸಿಟಿಗೆ ಚುಚ್ಚುವ ಅಯೋಡಿನ್ ಔಷಧಿ ಏನು ಕಿಡ್ನಿಗೆ ಅಮೃತವೇ? ಎಂಆರ್‌ನಲ್ಲಿ ಕಿರಿದಾದ ಜಾಗ ಇನ್ನೂ ಕಿರಿದಾಗಿ ಕಾಣುವುದುಂಟು, ಅದನ್ನು ಒಪ್ಪುತ್ತೇನೆ.

ಸ್ಕ್ಯಾನ್ ಕೊಠಡಿಯವಳು: ಡಾಪ್ಲರ್‌ಗೆ ಗಡೋಲಿನಿಯಂ, ಅಯೋಡಿನ್ ಎರಡರ ಹಂಗೂ ಇಲ್ಲ. ಆರೋಗ್ಯವಂತ ನಾಳದಲ್ಲಿ ಪ್ರತಿ ಬಡಿತಕ್ಕೂ ಪರದೆಯ ಮೇಲೆ ಅಲೆ ಚೂಪಾಗಿ ಏರಿ, ಗೆರೆಯ ಕೆಳಗಿಳಿದು, ಮತ್ತೆ ಸಣ್ಣಗೆ ಏಳುತ್ತದೆ. ಮೇಲೆಲ್ಲೋ ಮುಚ್ಚಿದ್ದರೆ ಕೆಳಗೆ ಒಂದೇ ಮೊಂಡು ಅಲೆ. ಆದರೆ ಹೊಟ್ಟೆಯಲ್ಲಿ ಗಾಳಿ ತುಂಬಿದ್ದರೆ ಸೊಂಟದೊಳಗಿನ ನಾಳ ಕಾಣುವುದಿಲ್ಲ. ಎಲ್ಲವೂ ಮಾಡುವವರ ಕೈಯನ್ನು ಅವಲಂಬಿಸಿದೆ. ಎರಡೂ ಕಾಲನ್ನು ಹತ್ತೇ ನಿಮಿಷದಲ್ಲಿ ಮುಗಿಸಿದ ವರದಿಯನ್ನು ನಾನಂತೂ ನಂಬುವುದಿಲ್ಲ.

ತೀರ್ಥಹಳ್ಳಿ ತೋಟದವ: ಇನ್ನೊಂದು ವಿಷಯ. ಮಳೆಗಾಲದಲ್ಲಿ ಗಮ್‌ಬೂಟ್ ಉಜ್ಜಿ ಕಿರುಬೆರಳಿಗೆ ಆದ ಗಾಯ ಇನ್ನೂ ಮಾಯ್ದಿಲ್ಲ. ತುದಿ ಕಪ್ಪಗಾಗಿದೆ.

ಸ್ಕ್ಯಾನ್ ಕೊಠಡಿಯವಳು: ಇದನ್ನಲ್ಲವೇ ಮೊದಲು ಹೇಳಬೇಕಾದದ್ದು! ಯಾವ ಯಂತ್ರ ಎಂಬ ಜಗಳ ಇಲ್ಲಿಗೆ ಬಿಡಿ. ರಕ್ತನಾಳದ ಶಸ್ತ್ರಚಿಕಿತ್ಸಕರು ಇರುವಲ್ಲಿಗೆ ನಾಳೆಯೇ ಕರೆದೊಯ್ಯಿರಿ. ತೊಡೆಸಂದಿನಿಂದ ನಳಿಕೆ ತೂರಿಸಿ ಮಾಡುವ ಆಂಜಿಯೋಗ್ರಾಂ ಬೇಕು ಎಂದರೆ ಹೆದರಬೇಡಿ, ಸಾಧ್ಯವಿದ್ದರೆ ಅದರಲ್ಲೇ ಬಲೂನ್ ಹಾಕಿ ನಾಳ ಬಿಡಿಸುತ್ತಾರೆ.

ಸಾಗರದವ: ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೋ, ಶಿವಮೊಗ್ಗಕ್ಕೋ, ಫೋನ್ ಮಾಡಿ ಕೇಳಿಕೊಂಡೇ ಹೊರಡಿ. ಕಿಡ್ನಿ ಹೇಗಿದೆ ಎಂದು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯ ವರದಿ ಜೊತೆಗಿರಲಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಹೇಳಿ.