ಪೆನ್‌ಡ್ರೈವಿಗೆ ಎಲೆ ಹಾಕಬೇಕಾ?

"ನಾನು ಬರುವುದು ಬೇಡವಂತೆ. ನನ್ನ ಪೆನ್‌ಡ್ರೈವ್ ಬಂದರೆ ಸಾಕಂತೆ."

ಕೀಬೋರ್ಡ್ ನುಡಿಸುವ ಕಿಟ್ಟಣ್ಣ ಮೊಬೈಲನ್ನು ಮೇಜಿನ ಮೇಲೆ ಮಗುಚಿ ಹಾಕಿದ. ಹೊರಗೆ ಕಾಸರಗೋಡಿನ ಬದಿಯಡ್ಕ ಪೇಟೆಯಿಡೀ ಮಳೆ. ಮೇ ಕೊನೆಗೆ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಪೈಗಳ ಹೋಟೆಲಿನ ಈ ಮೂಲೆ ಮೇಜು ಖಾಲಿ ಇರುವುದೇ ಇಲ್ಲ. ಕೆಲಸವಿಲ್ಲದ ಕಲಾವಿದರಿಗೆ ಮಾತಿಗೆ ಬರಗಾಲವಿಲ್ಲ.

"ಯಾರ ಮದುವೆ?" ಎಂದರು ಮಾಷ್ಟ್ರು.

"ಮಂಜೇಶ್ವರ ಕಡೆಯದ್ದು, ಆಟಿ ತಿಂಗಳು ಕಳೆದ ಮೇಲೆ. ಹುಡುಗಿಯ ಚಿಕ್ಕಮ್ಮ ಹಾಡುತ್ತಾರಂತೆ, ಹುಡುಗನ ಭಾವ ಹಾಡುತ್ತಾನಂತೆ, ಅಡುಗೆಯವರ ಪೈಕಿ ಒಬ್ಬನಿಗೂ ಎರಡು ಹಾಡು ಉಂಟಂತೆ. ಎಲ್ಲ ಕರೋಕೆ. ನಾನು ವಾದ್ಯದ ಟ್ರ್ಯಾಕ್ ಪೆನ್‌ಡ್ರೈವಿಗೆ ಹಾಕಿ ಕಳಿಸಿದರೆ ಆಯ್ತು, ಅಷ್ಟು ದೂರ ಬರುವ ತೊಂದರೆ ನಿಮಗೆ ಯಾಕೆ ಅಂದರು. ನನ್ನ ಮೊಣಕಾಲು ನೋವಿನ ಬಗ್ಗೆ ನನಗಿಂತ ಅವರಿಗೇ ಚಿಂತೆ ಜಾಸ್ತಿ."

"ಒಳ್ಳೆಯದೇ ಆಯ್ತಲ್ಲ," ಎಂದ ಪ್ರಸಾದ. "ಮನೆಯಲ್ಲೇ ಕೂತು ದುಡ್ಡು."

"ದುಡ್ಡಾ? ನಿಮಗೊಂದು ಪ್ರಚಾರ ಸಿಗುತ್ತದಲ್ವಾ ಕಿಟ್ಟಣ್ಣ, ಅಂದರು. ಪೆನ್‌ಡ್ರೈವಿಗೆ ಎಂಥ ಪ್ರಚಾರ ಮಾರಾಯ? ಅದರ ಮುಖ ಯಾರು ನೋಡುತ್ತಾರೆ?"

ಪೈಗಳು ಚಹಾ ತಂದಿಟ್ಟರು. ಕಿಟ್ಟಣ್ಣನಿಗೆ ಆವೇಶ ಬಂತು.

"ಮೊದಲು ಒಂದು ಗಾನಮೇಳ ಹೊರಟಿತು ಅಂದರೆ ಜೀಪಿನಲ್ಲಿ ಜಾಗ ಸಾಲುತ್ತಿರಲಿಲ್ಲ. ತಬಲ, ಡ್ರಮ್ಸ್, ಕಾಂಗೊ, ಎರಡು ಗಿಟಾರು, ಪಿಟೀಲು, ನಾನು. ಯೇಸುದಾಸ್ ಹಾಡು ಹೇಳುವುದಕ್ಕೆ ಒಬ್ಬ, ಎಸ್ಪಿಬಿ ಹಾಡಿಗೆ ಇನ್ನೊಬ್ಬ, ಹೆಣ್ಣು ದನಿಗೆ ಇಬ್ಬರು, ಅವರ ಜೊತೆಗೆ ಅಂತ ಒಬ್ಬ ಅಣ್ಣ. ಅವನಿಗೆ ಹಾಡೂ ಬಾರದು, ವಾದ್ಯವೂ ಬಾರದು, ಊಟಕ್ಕೆ ಮಾತ್ರ ಮೊದಲ ಪಂಕ್ತಿ. ಮದುವೆ ಮನೆಯವರು ಎಲೆ ಎಣಿಸುವಾಗ ನಮ್ಮನ್ನು ನೋಡಿ ಒಂದು ನಿಟ್ಟುಸಿರು ಬಿಡುತ್ತಿದ್ದರು, ಆದರೆ ಎಲೆ ಹಾಕುತ್ತಿದ್ದರು. ಆಮೇಲೆ ತಾಳವಾದ್ಯದ ಸದ್ದೆಲ್ಲ ಒಂದರಲ್ಲೇ ಬರುವ ರಿದಂ ಪ್ಯಾಡ್ ಬಂತು, ಮೂರು ಎಲೆ ಕಮ್ಮಿ. ಕೀಬೋರ್ಡಿನೊಳಗೇ ಗಿಟಾರು, ಪಿಟೀಲು ಎಲ್ಲ ಬಂತು, ಮತ್ತೆ ಮೂರು ಎಲೆ. ಕೊನೆಗೆ ನಾನೊಬ್ಬ, ಹಾಡುವವರಿಬ್ಬರು. ಈಗ ನನ್ನ ಎಲೆಯನ್ನೂ ತೆಗೆದರು. ಇನ್ನು ಪೆನ್‌ಡ್ರೈವ್ ಒಂದೇ ಬಸ್ಸಿನಲ್ಲಿ ಹೋಗಿ ಬರಬೇಕು. ಅದಕ್ಕೆ ಪಾಯಸ ಬಡಿಸುತ್ತಾರೋ ಇಲ್ಲವೋ ನೋಡಬೇಕು."

ಇಷ್ಟು ಹೊತ್ತು ಸುಮ್ಮನಿದ್ದ ಮದ್ದಳೆ ಮಾವ ಎಲೆ ಅಡಿಕೆ ಜಗಿಯುವುದು ನಿಲ್ಲಿಸಿದರು. "ಅಲ್ಲ ಕಿಟ್ಟ, ಆ ಪಿಟೀಲಿನವನ ಎಲೆ ತೆಗೆಸಿದ್ದು ನಿನ್ನ ಕೀಬೋರ್ಡೇ ಅಲ್ವಾ?"

"ಮಾವ, ಆಗ ಅದಕ್ಕೆ ಪ್ರಗತಿ ಅಂತ ಹೆಸರಿತ್ತು. ನನ್ನ ಎಲೆ ಹೋದ ಮೇಲೆ ಅನ್ಯಾಯ ಆದದ್ದು."

ಮಾಷ್ಟ್ರಿಗೆ ಸಂದರ್ಭ ಸಿಕ್ಕಿತು. ಪೆನ್ಶನ್ ಬಂದ ಮೇಲೆ ಅವರಿಗೆ ಪಾಠ ಮಾಡಲು ನಾವೇ ಗತಿ. "ಇದೆಲ್ಲ ಹೊಸತಲ್ಲ. ಹಾರ್ಮೋನಿಯಂ ಕತೆ ಗೊತ್ತುಂಟಾ? ಅದರಲ್ಲಿ ನಮ್ಮ ಗಮಕ, ಅಂದರೆ ಸ್ವರದ ಬಳುಕು, ಬರುವುದಿಲ್ಲ ಅಂತ ಆಕಾಶವಾಣಿಯವರು 1940ರಲ್ಲಿ ಅದನ್ನು ಹೊರಗೆ ಹಾಕಿದರು. ಮತ್ತೆ ಒಳಗೆ ಬಿಟ್ಟದ್ದು 1971ರಲ್ಲಿ. ಈಗ ನೋಡಿ, ಅದಿಲ್ಲದೆ ನಮ್ಮ ಭಜನಾ ಮಂದಿರದಲ್ಲಿ ಬಾಯಿಯೇ ತೆರೆಯುವುದಿಲ್ಲ."

"ಹಾಗಾದರೆ ನನ್ನ ಪೆನ್‌ಡ್ರೈವನ್ನೂ ಮೂವತ್ತು ವರ್ಷ ಯಾರಾದರೂ ಬ್ಯಾನ್ ಮಾಡಲಿ ಮಾಷ್ಟ್ರೇ. ಆಮೇಲೆ ಗೌರವ ಬರುತ್ತದೆ."

ಪೈಗಳು ಗಲ್ಲಾದಿಂದಲೇ, ಕಳೆದ ವಾರ ಅಂಗಡಿ ಮುಂದೆ ಮೆರವಣಿಗೆಯಲ್ಲಿ ಹೋದ ನಾಸಿಕ್ ಬ್ಯಾಂಡಿಗೆ ತಮ್ಮ ಭರಣಿಗಳೆಲ್ಲ ಕುಣಿದವು ಎಂದರು. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಪ್ರಸಾದ ಕುರ್ಚಿ ಮುಂದೆ ಎಳೆದ. ಅವನು ಮಾವನ ತಂಗಿಯ ಮಗ, ಬೆಂಗಳೂರು ಕಂಪನಿಯ ಕೆಲಸವನ್ನು ಇಲ್ಲಿ ತೋಟದ ಮನೆಯಲ್ಲಿ ಕೂತು ಮಾಡುತ್ತಾನೆ. ಕರೆಂಟ್ ಹೋದಾಗ ನಮಗೆ ಸಿಗುತ್ತಾನೆ. "ನೀವೆಲ್ಲ ರೀಲ್ಸ್ ಮಾಡಬೇಕು. ಈಗ ಮೂರು ನಿಮಿಷದ್ದೂ ಹಾಕಬಹುದು."

"ಮೂರು ನಿಮಿಷದಲ್ಲಿ ಎಂಥ ಸಂಗೀತ ಮಾರಾಯ? ಮೇಳದಲ್ಲಿ ಹಾಡುವ ನಮ್ಮ ಭಾಗವತರಿಗೆ ಜಾಗಟೆ ಕೈಗೆ ತೆಗೆಯುವುದಕ್ಕೇ ಅಷ್ಟು ಬೇಕು," ಎಂದರು ಮಾವ.

"ಹಾಗೆ ಹೇಳಬೇಡಿ," ಮಾಷ್ಟ್ರು ಬೆರಳೆತ್ತಿದರು. "1902ರಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದಾಗ ಒಂದು ತಟ್ಟೆಗೆ ಸಿಕ್ಕಿದ್ದೂ ಹೆಚ್ಚುಕಮ್ಮಿ ಮೂರೇ ನಿಮಿಷ. ಅಷ್ಟರಲ್ಲೇ ರಾಗ ಮುಗಿಸಿ, ಕೊನೆಗೆ ಇಂಗ್ಲಿಷಿನಲ್ಲಿ ನನ್ನ ಹೆಸರು ಗೌಹರ್ ಜಾನ್ ಅಂತಲೂ ಹೇಳಿದರು."

"ನೋಡಿ!" ಪ್ರಸಾದ ಕುಣಿದ. "ಅದೇ ರೀಲ್ಸ್!"

"ಆಗಬಹುದು," ಎಂದ ಕಿಟ್ಟಣ್ಣ. "ಆದರೆ ಆಕೆಗೆ ಕೈತುಂಬ ದುಡ್ಡು ಕೊಟ್ಟಿದ್ದರು. ಮತ್ತೆ ಆಕೆ ಹಾಡು ಮಾತ್ರ ಹೇಳಿದ್ದು. ಕ್ಯಾಮೆರಾ ಹಿಡಿದು, ಲೈಟು ಇಟ್ಟು, ಕತ್ತರಿಸಿ ಅಂಟಿಸಿ, ದಯವಿಟ್ಟು ಲೈಕ್ ಮಾಡಿ ಅಂತ ಕೈ ಮುಗಿಯುವ ಕೆಲಸ ಆಕೆಗೆ ಇರಲಿಲ್ಲ. ನನಗೆ ಈಗ ಸಂಗೀತ ಒಂದು ಬಿಟ್ಟು ಬಾಕಿ ಎಲ್ಲ ಗೊತ್ತಿರಬೇಕು. ಮೊನ್ನೆ ಒಬ್ಬರು ಪ್ರೋಗ್ರಾಂ ಕೇಳಲು ಫೋನ್ ಮಾಡಿದರು. ಎಷ್ಟು ವರ್ಷದಿಂದ ನುಡಿಸುತ್ತೀರಿ ಅಂತ ಕೇಳಲಿಲ್ಲ, ಎಷ್ಟು ಫಾಲೋವರ್ಸ್ ಅಂದರು. ಸಪ್ತಭಾಷೆಯ ಊರು ನಮ್ಮದು. ಏಳು ಭಾಷೆಯಲ್ಲಿ ಹಾಡುತ್ತೇನೆ ಅಂದೆ. ಏಳರಲ್ಲಿ ಯಾವುದರಲ್ಲಿ ಕೇಳಿದರೂ ಅಡ್ವಾನ್ಸ್ ಮಾತ್ರ ಬರುವುದಿಲ್ಲ."

"ಯೂಟ್ಯೂಬಲ್ಲಿ ದುಡ್ಡು ಬರುತ್ತದೆ ಕಿಟ್ಟಣ್ಣ. ಒಂದು ಸಾವಿರ ಸಬ್‌ಸ್ಕ್ರೈಬರ್, ವರ್ಷದಲ್ಲಿ ಜನ ನೋಡಿದ್ದು 4000 ಗಂಟೆ. ಇಷ್ಟಾದರೆ ಜಾಹೀರಾತಿನ ಪಾಲು ಶುರು. ಸ್ಪಾಟಿಫೈ ಆದರೆ ವರ್ಷಕ್ಕೆ ಒಂದು ಹಾಡನ್ನು ಸಾವಿರ ಸಲವಾದರೂ ಕೇಳಬೇಕು, ಇಲ್ಲದಿದ್ದರೆ ಆ ಹಾಡಿಗೆ ಪೈಸೆ ಇಲ್ಲ."

"ನನ್ನ ಹಾಡನ್ನು ನನ್ನ ಹೆಂಡತಿ ಸಾವಿರ ಸಲ ಕೇಳಿದ್ದಾಳೆ. ಅವಳೂ ಕೊಡುವುದಿಲ್ಲ." ಕಿಟ್ಟಣ್ಣ ಬಿಲ್ಲಿನ ಹಿಂದೆ ಏನೋ ಲೆಕ್ಕ ಹಾಕಿದ. "4000 ಗಂಟೆ ಅಂದೆಯಲ್ಲ? ಮಾವ, ಹಿಂದೆ ಯಕ್ಷಗಾನದ ಆಟ ರಾತ್ರಿ ಒಂಬತ್ತಕ್ಕೆ ಶುರುವಾದರೆ ಬೆಳಿಗ್ಗೆ ಆರರವರೆಗೆ. ಒಂಬತ್ತು ಗಂಟೆ. ಬಯಲಿನಲ್ಲಿ 450 ಜನ ಕೂತಿದ್ದರು ಅಂತ ಇಟ್ಟುಕೊಳ್ಳಿ. 4050 ಆಯ್ತು! ನೀವು ಒಂದೇ ರಾತ್ರಿಯಲ್ಲಿ ಪಾಸ್!"

"ಅರ್ಧ ಜನ ನಿದ್ದೆ ಮಾಡುತ್ತಿದ್ದರಲ್ಲ ಮಾರಾಯ."

"ಪರವಾಗಿಲ್ಲ ಮಾವ," ಎಂದ ಪ್ರಸಾದ ಗಂಭೀರವಾಗಿ. "ಯೂಟ್ಯೂಬಿಗೂ ಅದು ಗೊತ್ತಾಗುವುದಿಲ್ಲ."

ಎಲ್ಲರೂ ನಕ್ಕರು. ಮಾವ ಸ್ವಲ್ಪ ತಡವಾಗಿ ನಕ್ಕರು. ಹಿಂದೆ ಎಲ್ಲ ಸ್ವರ್ಗ ಇತ್ತು ಅಂತ ಅವರು ಯಾವತ್ತೂ ಹೇಳುವವರಲ್ಲ. ಮೇಳಕ್ಕೆ ಸೇರಿದ ಹೊಸತರಲ್ಲಿ ತೆಂಗಿನ ಗರಿಯ ಸೂಟೆ ಉರಿಸಿ ಹಿಡಿದುಕೊಂಡು ಊರಿಂದೂರಿಗೆ ನಡೆದದ್ದು, ಮಳೆಗಾಲದಲ್ಲಿ ಯಜಮಾನರಿಂದ ಮುಂಗಡ ತೆಗೆದುಕೊಂಡು ದೀಪಾವಳಿಗೆ ಮೊದಲೇ ತಿಂದು ಮುಗಿಸಿ, ಆ ಸಾಲಕ್ಕೇ ಮುಂದಿನ ತಿರುಗಾಟವನ್ನೂ ಒಪ್ಪಿಕೊಂಡದ್ದು, ಟಿಕೆಟಿನ ಡೇರೆ ಮೇಳದಲ್ಲಿ ಕಲೆಕ್ಷನ್ ಇಲ್ಲದ ದಿನ ಯಜಮಾನರು ಮುಖ ತಪ್ಪಿಸಿಕೊಂಡು ತಿರುಗಿದ್ದು, ಎಲ್ಲ ಅವರ ಬಾಯಲ್ಲೇ ನಾವು ಕೇಳಿದ್ದು. ಈಗ ಕಾಲಮಿತಿ ಆಟ. ಮಧ್ಯರಾತ್ರಿ ದಾಟುವಾಗ ಮುಗಿಸಿ, ಬೈಕ್ ಹತ್ತಿ, ಹುಡುಗರು ತಮ್ಮ ಮನೆಯ ಹಾಸಿಗೆಯಲ್ಲೇ ಮಲಗುತ್ತಾರೆ. ಮಳೆಗಾಲಕ್ಕೆ ಚಿಕ್ಕಮೇಳ ಕಟ್ಟಿಕೊಂಡು ಮನೆಮನೆಗೆ ಹೋಗಿ ನಾಲ್ಕು ಕಾಸು ಮಾಡುತ್ತಾರೆ. ಒಳ್ಳೆಯದೇ.

"ಒಂದು ಮಾತ್ರ," ಎಂದರು ಮಾವ. "ಬೆಳಗಿನ ಜಾವ ನಾಲ್ಕು ಗಂಟೆಗೆ ಕೈಗೆ ಬರುವ ಪೆಟ್ಟು ರಾತ್ರಿ ಹತ್ತಕ್ಕೆ ಬರುವುದಿಲ್ಲ. ಎಷ್ಟು ಬಡಿದರೂ ಬರುವುದಿಲ್ಲ. ಮತ್ತೆ ಆ ಶ್ರುತಿ ಹುಡುಗ..."

"ಯಾವ ಹುಡುಗ?"

"ಹಾರ್ಮೋನಿಯಂ ಒತ್ತುವುದಕ್ಕೆ ಒಬ್ಬ ಹುಡುಗ ಇರುತ್ತಿದ್ದ. ಭಾಗವತರ ಹತ್ತಿರವೇ ಕೂರಬೇಕು, ತೂಕಡಿಸಿದರೆ ಶ್ರುತಿ ನಿಲ್ಲುತ್ತದೆ, ಬೈಗುಳ ತಿನ್ನಬೇಕು. ಹಾಗೆ ಒತ್ತುತ್ತಾ ಒತ್ತುತ್ತಾ ಅವನಿಗೆ ಪದ, ತಾಳ, ನಡೆ ಎಲ್ಲ ಬಾಯಿಪಾಠ ಆಗುತ್ತಿತ್ತು. ಒಂದು ದಿನ ಭಾಗವತರಿಗೆ ಜ್ವರ ಬಂದರೆ ಅವನೇ ಭಾಗವತ."

"ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ," ಎಂದರು ಮಾಷ್ಟ್ರು. "ಬೆಂಗಳೂರಿನ ಇಂಜಿನಿಯರ್ ಜಿ. ರಾಜನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿ ಮಾಡಿ ತೋರಿಸಿದ್ದು 1979ರಲ್ಲಿ. ಈಗ ಅದೂ ಮೊಬೈಲಿನೊಳಗೆ ಹೋಯಿತು."

"ಒಳ್ಳೆಯ ಪೆಟ್ಟಿಗೆ. ತೂಕಡಿಸುವುದಿಲ್ಲ. ನಾನೂ ಹೊಗಳಿದ್ದೇನೆ," ಎಂದರು ಮಾವ. "ಆದರೆ ಇಷ್ಟು ವರ್ಷ ಅಷ್ಟು ಹತ್ತಿರ ಕೂತು ಕೇಳಿದೆ, ಒಂದು ಪದ ಕಲಿಯಲಿಲ್ಲ ಅದು."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಪೈಗಳಿಗೆ ಮೌನ ಆಗದು, ಯಾರೂ ಕೇಳದಿದ್ದರೂ ಒಂದು ಪ್ಲೇಟ್ ಗೋಳಿಬಜೆ ತಂದಿಟ್ಟರು. ಅಷ್ಟರಲ್ಲಿ ಕಿಟ್ಟಣ್ಣನ ಮೊಬೈಲು ಹೊಡೆದುಕೊಂಡಿತು. ಸ್ಪೀಕರಿಗೆ ಹಾಕಿದ.

ಮಂಗಳೂರಿನ ಇವೆಂಟ್‌ನವರು. ಮೆಹಂದಿಗೆ ಲೈವ್ ಮ್ಯೂಸಿಕ್ ಬೇಕಂತೆ, ಈಗ ಎಲ್ಲರೂ ಲೈವ್ ಕೇಳುತ್ತಾರಂತೆ. ಕಿಟ್ಟಣ್ಣ ನಮ್ಮನ್ನೆಲ್ಲ ನೋಡಿ ಹುಬ್ಬು ಹಾರಿಸಿದ. ಆದರೆ ಸೌಂಡು ಡಿಜೆಯ ಲ್ಯಾಪ್‌ಟಾಪಿನಿಂದ ಬರುತ್ತದಂತೆ. ಕೀಬೋರ್ಡಿಗೆ ವಯರ್ ಹಾಕುವುದು ಬೇಡ, ಜುಬ್ಬಾ ಹಾಕಿಕೊಂಡು ಹಿಂದೆ ನಿಂತು ಬೆರಳಾಡಿಸಿದರೆ ಸಾಕು, ವಿಡಿಯೋದಲ್ಲಿ ಚೆನ್ನಾಗಿ ಕಾಣುತ್ತದೆ ಅಂತ.

ಕಿಟ್ಟಣ್ಣ ಒಂದು ಕ್ಷಣ ಯೋಚಿಸಿದ. "ಆಗಬಹುದು. ನುಡಿಸುವುದಾದರೆ ನನ್ನ ಹಳೇ ರೇಟು. ನುಡಿಸದೆ ನಿಲ್ಲುವುದಾದರೆ ಡಬಲ್."

"ಓಕೆ ಸರ್," ಎಂದಿತು ಮೊಬೈಲು, ತಡಮಾಡದೆ.

ಮಾಷ್ಟ್ರ ಬಾಯಲ್ಲಿದ್ದ ಗೋಳಿಬಜೆ ಅಲ್ಲೇ ನಿಂತಿತು. ಪ್ರಸಾದ ಕಿಟ್ಟಣ್ಣನ ತೋಳು ಹಿಡಿದೆಳೆದ. "ಮಾವನನ್ನೂ ಸೇರಿಸಿ, ಮದ್ದಳೆ ಇದ್ದರೆ ಫ್ರೇಮ್ ಇನ್ನೂ ಚಂದ!"

"ನನ್ನದರಲ್ಲಿ ತೆಗೆಯುವುದಕ್ಕೆ ವಯರ್ ಎಲ್ಲುಂಟು ಮಾರಾಯ?" ಎಂದರು ಮಾವ. "ಮುಟ್ಟಿದರೆ ಕೇಳುತ್ತದೆ."

ಕಿಟ್ಟಣ್ಣ ಮೊಬೈಲಿಗೆ ಬಾಯಿ ಹತ್ತಿರ ತಂದ. "ಸರ್, ನಮ್ಮಲ್ಲಿ ಮದ್ದಳೆಗೂ ಒಬ್ಬರಿದ್ದಾರೆ. ಆದರೆ ಮೊದಲೇ ಹೇಳುತ್ತೇನೆ, ಅವರು ನುಡಿಸಿಬಿಡುತ್ತಾರೆ."