ಪದಚರ್ಚೆ: ಆಟದ ಕವಚವನ್ನು ‘ಅಪ್‌ಗ್ರೇಡ್’ ಮಾಡುವುದಕ್ಕೆ ಏನೆನ್ನೋಣ? (ತುರ್ತು)

ಮೈಸೂರಿನಿಂದ:

ಎಲ್ಲರಿಗೂ ನಮಸ್ಕಾರ. ಗುರುವಾರ ಸಂಜೆಗೆ ಪಟ ಮುದ್ರಣಕ್ಕೆ ಹೋಗಬೇಕು, ಆದ್ದರಿಂದ ಪೀಠಿಕೆಯಿಲ್ಲದೆ ಕೇಳುತ್ತೇನೆ. ನಮ್ಮ ಬಡಾವಣೆಯ ಮಕ್ಕಳ ಬೇಸಿಗೆ ಶಿಬಿರದಲ್ಲಿ ಈ ಸಲ ಮೈನ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಆಟ ಆಡಿಸುತ್ತಿದ್ದೇವೆ. ಮೈಗೆ ತೊಡುವ ರಕ್ಷಣೆಯನ್ನು ತಯಾರಿಸುವುದು ಹೇಗೆ, ತಯಾರಿಸಿದ್ದನ್ನು ಇನ್ನಷ್ಟು ಗಟ್ಟಿ ಮಾಡುವುದು ಹೇಗೆ ಎಂಬುದನ್ನು ಕನ್ನಡದಲ್ಲಿ ಬರೆದು ಗೋಡೆಗೆ ಹಾಕುವ ಆಸೆ.

ಆಟ ತಿಳಿಯದವರಿಗೆ ಎರಡು ಮಾತು. ತಲೆ, ಎದೆ, ಕಾಲು, ಪಾದ ಎಂದು ನಾಲ್ಕು ತುಂಡು. ಕಬ್ಬಿಣದಲ್ಲಿ ಮಾಡಿದರೆ ಕ್ರಮವಾಗಿ 5, 8, 7, 4 ಗಟ್ಟಿ (ಇಂಗಟ್) ಬೇಕು, ಒಟ್ಟು 24. ವಜ್ರಕ್ಕೂ ಅದೇ ಲೆಕ್ಕ. ಗುರಾಣಿಗೆ ಆರು ಹಲಗೆ, ಒಂದು ಕಬ್ಬಿಣದ ಗಟ್ಟಿ. ಇಷ್ಟರವರೆಗೆ ಕನ್ನಡ ಸಲೀಸಾಗಿ ಬರುತ್ತದೆ. ಆಮೇಲೆ ವಜ್ರದ ತುಂಡನ್ನು ಕಮ್ಮಾರನ ಮೇಜಿನ ಮೇಲಿಟ್ಟು, ಜೊತೆಗೆ ಒಂದು ನೆದರೈಟ್ (ಆಟದೊಳಗಿನ ‘ನೆದರ್’ ಎಂಬ ಲೋಕದ ಲೋಹ) ಗಟ್ಟಿಯನ್ನೂ ಒಂದು ಅಚ್ಚನ್ನೂ ಇಟ್ಟರೆ ಅದು ನೆದರೈಟಿನದಾಗುತ್ತದೆ. (ಅಚ್ಚು ಬೇಕಾದದ್ದು 2023ರ ಜೂನ್‌ನಲ್ಲಿ ಬಂದ 1.20 ಆವೃತ್ತಿಯಿಂದ. ಹಳೆಯ ಆಟಗಾರರು ಈಗಲೂ ಗೊಣಗುತ್ತಾರೆ.) ಇದನ್ನೇ ‘ಅಪ್‌ಗ್ರೇಡ್’ ಎನ್ನುವುದು.

ನಾನು ಬರೆದುಕೊಂಡಿರುವುದು: ಆರ್ಮರ್‌ಗೆ ಕವಚ, ಅಪ್‌ಗ್ರೇಡ್‌ಗೆ ಉನ್ನತೀಕರಣ, ಎನ್‌ಚಾಂಟ್‌ಗೆ ಮಂತ್ರೀಕರಣ, ಡ್ಯುರಬಿಲಿಟಿಗೆ ಬಾಳಿಕೆ. ನಡುವಿನ ಎರಡು ನನಗೇ ರುಚಿಸುತ್ತಿಲ್ಲ.

ಧಾರವಾಡದಿಂದ:

ಬಾಳಿಕೆ ಸರಿ. ಉನ್ನತೀಕರಣ ಬೇಡ. ಮಂತ್ರೀಕರಣ ಎಂದರೆ ಶಾಸಕರೊಬ್ಬರನ್ನು ಸಂಪುಟಕ್ಕೆ ಸೇರಿಸಿಕೊಳ್ಳುವುದು. ತಾಯಿತ ಮಂತ್ರಿಸಿ ಕೊಡುತ್ತಾರೆ, ನಿಂಬೆಹಣ್ಣು ಮಂತ್ರಿಸಿ ಕೊಡುತ್ತಾರೆ. ಹಾಗೆಯೇ ‘ಮಂತ್ರಿಸಿದ ಗುರಾಣಿ’. ಇದಕ್ಕೆ ಚರ್ಚೆಯೇ ಅನಗತ್ಯ.

ಚರ್ಚೆ ಬೇಕಾದದ್ದು ಕವಚಕ್ಕೆ. ನಡುಗನ್ನಡದ ಯುದ್ಧವರ್ಣನೆಗಳನ್ನು ತೆರೆದು ನೋಡಿ. ಅಲ್ಲಿನ ಭಟ ತೊಡುವುದು ಜೋಡು, ತಲೆಗೆ ಸೀಸಕ, ಕೈಯಲ್ಲಿ ಹರಿಗೆ. ಇಷ್ಟು ಚೆಂದದ ಪದಗಳು ಕೈಗೆಟಕುವಲ್ಲೇ ಇರುವಾಗ ಕವಚ ಏಕೆ? ಗುರಾಣಿಗೆ ಹಲಗೆ ಎಂಬ ಮಾತೂ ಇತ್ತು ಎಂಬುದನ್ನು ಗಮನಿಸಿ. ಆಟದಲ್ಲಿ ಗುರಾಣಿ ಮಾಡುವುದೂ ಹಲಗೆಯಿಂದಲೇ ಎಂದು ಓದಿ ಸಂತೋಷವಾಯಿತು.

ಪುತ್ತೂರಿನಿಂದ:

‘ಆರು ಹಲಗೆ ಸೇರಿಸಿ ಹಲಗೆ ಮಾಡಿ’ ಎಂದು ಬರೆಯಿಸುವ ಯೋಚನೆಯೋ? ಜೋಡು ಎಂದರೆ ಧಾರವಾಡದವರ ಊರಿನಲ್ಲೇ ಕಾಲಿಗೆ ಹಾಕುವುದು. ‘ವಜ್ರದ ಜೋಡು’ ಎಂದು ಓದಿದ ಹುಡುಗ ಪಾದದ ಚೌಕದಲ್ಲಿ ಹುಡುಕುತ್ತಾನೆ.

ಪದ ಕಟ್ಟುವುದಾದರೆ ಒಂದೇ ಬೇರಿನಿಂದ ಕಟ್ಟಬೇಕು. ಕಾಯುವುದರಿಂದ ಕಾಪು. ಮೆಯ್‌ಗಾಪು, ತಲೆಗಾಪು, ಎದೆಗಾಪು, ಕಾಲ್‌ಗಾಪು, ಅಡಿಗಾಪು. ಅಪ್‌ಗ್ರೇಡ್‌ಗೆ ಮೇಲೇರಿಕೆ. ಮಗು ಒಂದನ್ನು ಕಲಿತರೆ ಉಳಿದದ್ದು ತಾನಾಗಿ ಬರುತ್ತದೆ. ಸಂಸ್ಕೃತದ ಎರವಲಿನಲ್ಲಿ ಈ ಅನುಕೂಲವಿಲ್ಲ, ಜೊತೆಗೆ ಯಾರೂ ಉಲಿಯದ ಮಹಾಪ್ರಾಣವನ್ನು ಬರೆಯುವ ಶಿಕ್ಷೆ ಬೇರೆ.

ಬೆಂಗಳೂರಿನಿಂದ:

ಕವಚದಲ್ಲಿ ಮಹಾಪ್ರಾಣ ಎಲ್ಲಿದೆ ಎಂದು ತೋರಿಸಬೇಕಾಗಿ ವಿನಂತಿ. ಮೆಯ್‌ಗಾಪು ಎಂದರೆ ಅಂಗರಕ್ಷಕ, ಅಂದರೆ ಮನುಷ್ಯ. ಅವನನ್ನು ತೊಟ್ಟುಕೊಳ್ಳಲಾಗದು.

ಇನ್ನು ಕವಚ ಎರವಲು ಎಂದು ಎರಡೂ ಕಡೆಯವರು ಒಪ್ಪಿಕೊಂಡು ಜಗಳವಾಡುತ್ತಿದ್ದೀರಿ. ನಾನು ಒಪ್ಪುವುದಿಲ್ಲ. ಮೋಡ ಕವಿಯುತ್ತದೆ, ಕತ್ತಲೆ ಕವಿಯುತ್ತದೆ. ಕವಿ ಎಂದರೆ ಮುಚ್ಚು. ಗವಸು, ಗವಸಣಿಗೆ, ಕೈಗವಸು, ಮುಖಗವಸು ಎಲ್ಲವೂ ಇದೇ ಕುಟುಂಬ. ಕವಚವೂ ಇಲ್ಲಿಂದಲೇ ಹೊರಟು ಸಂಸ್ಕೃತಕ್ಕೆ ಹೋಗಿ ಮರಳಿ ಬಂದದ್ದು ಎಂಬುದು ನನ್ನ ವಾದ. ದ್ರಾವಿಡದಿಂದ ಸಂಸ್ಕೃತಕ್ಕೆ ಹೋದ ಪದಗಳ ಪಟ್ಟಿಯನ್ನು ಕಿಟೆಲ್ಲರು 1894ರ ನಿಘಂಟಿನ ಮುನ್ನುಡಿಯಲ್ಲೇ ಕೊಡುವ ಧೈರ್ಯ ಮಾಡಿದ್ದರು. ನಾವು ಮಾತ್ರ ನಮ್ಮ ಮಾಲನ್ನೇ ಪರರದೆಂದು ಹೊರಗೆ ಹಾಕುತ್ತೇವೆ.

ಧಾರವಾಡದಿಂದ:

ಕವಿಯಿಂದ ಕವಚ ಬಂತೆಂದರೆ ಕೊನೆಯ ‘ಚ’ ಯಾವ ಪ್ರತ್ಯಯ? ದನಿ ಹೋಲಿದ ಮಾತ್ರಕ್ಕೆ ನೆಂಟಸ್ತನ ಹುಟ್ಟುವುದಿಲ್ಲ.

ಬೆಂಗಳೂರಿನಿಂದ:

ಬಿಡುವಾದಾಗ ಬರೆಯುತ್ತೇನೆ.

ಮೈಸೂರಿನಿಂದ:

ದಯವಿಟ್ಟು ಬಿಡುವಾದಾಗಲೇ ಬರೆಯಿರಿ. ಕವಚ ಇರಲಿ. ಮಕ್ಕಳಿಗೆ ಕರ್ಣನ ಕಥೆಯಿಂದ ಅದು ಗೊತ್ತಿದೆ. ನನ್ನ ಗಂಟಲಿನಲ್ಲಿ ಸಿಕ್ಕಿಕೊಂಡಿರುವುದು ಅಪ್‌ಗ್ರೇಡ್. ಇಂದು ಬುಧವಾರ.

ಸಾಗರದಿಂದ:

ಮೂವರೂ ತುಂಡಿಗೆ ಹೆಸರಿಡುವುದರಲ್ಲಿ ಮುಳುಗಿ ಅದಕ್ಕೆ ಏನು ಮಾಡುತ್ತಾರೆ ಎಂಬುದನ್ನು ನೋಡಲಿಲ್ಲ. ನಮ್ಮ ಮನೆಯಲ್ಲಿ ಈ ಆಟ ಆಡುವವರು ಇಬ್ಬರಿದ್ದಾರೆ, ಕೇಳಿ ತಿಳಿದುಕೊಂಡೆ.

ವಜ್ರದ ಪೂರ್ತಿ ಕವಚಕ್ಕೆ ರಕ್ಷಣೆಯ ಅಂಕ 20. ನೆದರೈಟಿನದಕ್ಕೂ 20ರಷ್ಟೇ. ಹಾಗಾಗಿ ‘ಮೇಲೇರಿಕೆ’ ಎಂದರೆ, ಏರಿದ್ದು ಯಾವುದು ಎಂದು ಮಗು ಕೇಳುತ್ತದೆ. ಬದಲಾಗುವುದು ಬೇರೆ ಸಂಗತಿಗಳು. ಪ್ರತಿ ತುಂಡಿನ ಗಡಸು 2ರಿಂದ 3ಕ್ಕೆ ಹೋಗುತ್ತದೆ, ಅಂದರೆ ದೊಡ್ಡ ಪೆಟ್ಟು ಬಿದ್ದಾಗ ಹೆಚ್ಚು ತಡೆಯುತ್ತದೆ. ಎದೆಯ ತುಂಡಿನ ಬಾಳಿಕೆ 528ರಿಂದ 592 ಆಗುತ್ತದೆ. ಏಟು ತಿಂದವನು ಅಷ್ಟಾಗಿ ಹಿಂದಕ್ಕೆ ಎಸೆಯಲ್ಪಡುವುದಿಲ್ಲ. ಲಾವಾದಲ್ಲಿ ಬಿದ್ದರೆ ಕವಚ ಸುಡದೆ ತೇಲುತ್ತದೆ (ತೊಟ್ಟವನ ಮಾತು ಬೇರೆ). ಮುಖ್ಯವಾಗಿ, ಒಳಗಿನ ವಜ್ರದ ಕವಚ ಕರಗಿ ಹೋಗುವುದಿಲ್ಲ. ಮೊದಲು ಮಂತ್ರಿಸಿದ್ದೆಲ್ಲ ಹಾಗೆಯೇ ಉಳಿಯುತ್ತದೆ.

ಅಂದರೆ ಇದ್ದದ್ದರ ಮೇಲೆ ಇನ್ನೊಂದು ಲೋಹ ಬರುತ್ತದೆ. ಇದಕ್ಕೆ ಕನ್ನಡಿಗರು ಹೊಸ ಪದ ಹುಡುಕಬೇಕೆ? ಗರ್ಭಗುಡಿಯ ಬಾಗಿಲಿಗೆ ಬೆಳ್ಳಿ ಹೊದಿಸುತ್ತಾರೆ, ಕಳಸಕ್ಕೆ ಚಿನ್ನ ಹೊದಿಸುತ್ತಾರೆ. ‘ಕವಚಕ್ಕೆ ನೆದರೈಟ್ ಹೊದಿಸಿ’ ಎಂದು ಬರೆಯಿರಿ. ಕಲಾಯಿ ಎನ್ನುವವರೂ ಬರಬಹುದು. ಅದು ತವರದ ಕೆಲಸ, ಅದೂ ಪಾತ್ರೆಯ ಒಳಮೈಗೆ. ಪುಟ ಎನ್ನಬೇಡಿ, ಪುಟವಿಟ್ಟಾಗ ಕಲ್ಮಶ ಹೋಗುತ್ತದೆಯೇ ಹೊರತು ಏನೂ ಸೇರುವುದಿಲ್ಲ. ಮೇಲ್ದರ್ಜೆಗೇರಿಸುವುದನ್ನು ಗ್ರಾಮ ಪಂಚಾಯಿತಿಗಳಿಗೆ ಬಿಡೋಣ.

ಒಟ್ಟಾರೆ ಶೀರ್ಷಿಕೆಗೆ ‘ಬಲಪಡಿಸುವುದು’ ಸಾಕು. ಹೊದಿಸುವುದು, ಮಂತ್ರಿಸುವುದು, ಸವೆದದ್ದನ್ನು ಅಡೆಗಲ್ಲಿನ ಮೇಲೆ ಸರಿಪಡಿಸುವುದು, ಮೂರೂ ಅದರ ಕೆಳಗೆ ಬರುತ್ತವೆ. ಮೂರು ಕೆಲಸಕ್ಕೂ ಒಂದೇ ನಾಮಪದ ಬೇಕೆಂಬ ಹಟ ಇಂಗ್ಲಿಷಿನದು, ನಮ್ಮದಲ್ಲ.

ಪುತ್ತೂರಿನಿಂದ:

ಹೊದಿಸು ಒಳ್ಳೆಯ ಕನ್ನಡ. ಒಪ್ಪಿದೆ. ಆದರೆ ನೆದರೈಟ್ ಹಾಗೆಯೇ ಉಳಿಯಬೇಕೆ? ನೆದರ್ ಎಂದರೆ ಕೆಳಗಿನದು. ಕೀಳ್ನೆಲ ಎಂದು ಆ ಲೋಕಕ್ಕೆ ಹೆಸರಿಟ್ಟರೆ ಲೋಹ ಕೀಳ್ನೆಲದುಕ್ಕು.

ಸಿಂಗಪುರದಿಂದ:

ನಾಲ್ಕು ನೆದರೈಟ್ ಚೂರು, ನಾಲ್ಕು ಚಿನ್ನದ ಗಟ್ಟಿ ಸೇರಿದರೆ ಒಂದು ನೆದರೈಟ್ ಗಟ್ಟಿ. ಅದರಲ್ಲಿ ಉಕ್ಕು ಇಲ್ಲವೇ ಇಲ್ಲ. ಕೆಳಗಿನ ಲೋಕವೇ ಬೇಕಿದ್ದರೆ ಪಾತಾಳ ಇತ್ತಲ್ಲ? ಅದು ಸಂಸ್ಕೃತ ಎಂದು ತಾನೇ ಬೇಡವಾದದ್ದು? ಕುರ್ಚಿಯ ಮೇಲೆ ಕುಳಿತು ಕಾಗದದ ಮೇಲೆ ಪೆನ್ನಿನಿಂದ ಎರವಲಿನ ವಿರುದ್ಧ ಬರೆಯುವವರನ್ನು ಕಂಡರೆ ನನಗೆ ಬೆರಗು. ನನ್ನ ಮಗಳು ಇಲ್ಲಿ ಕನ್ನಡದಲ್ಲಿ ಆಡುವ ಕೆಲವೇ ಮಾತುಗಳಲ್ಲಿ ಈ ಆಟದ ಮಾತೂ ಇದೆ: ‘ಅಪ್ಪಾ, ನೆದರೈಟ್ ಸಿಕ್ಕಿತು’. ಅದನ್ನೂ ತಿದ್ದಬೇಕೆ?

ಪುತ್ತೂರಿನಿಂದ:

ಮಗಳನ್ನು ಯಾರೂ ತಿದ್ದುತ್ತಿಲ್ಲ. ಗೋಡೆಯ ಮೇಲೆ ಅಚ್ಚಾಗುವ ಕನ್ನಡಕ್ಕೂ ಮನೆಯ ಮಾತಿಗೂ ವ್ಯತ್ಯಾಸ ಬೇಡವೇ? ‘ಬಳಕೆಯಲ್ಲಿದೆ’ ಎಂಬ ಒಂದೇ ಸಮರ್ಥನೆಯಿಂದ ಎಲ್ಲವನ್ನೂ ಒಳಗೆ ಬಿಟ್ಟರೆ ನಮಗೆ ಉಳಿಯುವುದು ವಿಭಕ್ತಿ ಪ್ರತ್ಯಯಗಳು ಮಾತ್ರ.

ಧಾರವಾಡದಿಂದ:

ವಿಭಕ್ತಿ ಉಳಿದರೆ ಭಾಷೆ ಉಳಿದಂತೆ. ‘ನೆದರೈಟಿನಿಂದ’ ಎಂದ ಕ್ಷಣ ಅದು ಕನ್ನಡವಾಯಿತು. ಇದು ಬೇರೆ ಚರ್ಚೆ. ಬೇಕಿದ್ದರೆ ಬೇರೆ ಶೀರ್ಷಿಕೆಯಲ್ಲಿ ಆರಂಭಿಸಿ, ನಾನು ಸಿದ್ಧ.

ಮೈಸೂರಿನಿಂದ:

ಎಲ್ಲರಿಗೂ ವಂದನೆ. ಪಟದಲ್ಲಿ ಹೀಗಿದೆ: ಶೀರ್ಷಿಕೆ ‘ಕವಚ ಮಾಡುವುದು, ಬಲಪಡಿಸುವುದು’. ಹಂತಗಳಲ್ಲಿ ‘ನೆದರೈಟ್ ಹೊದಿಸಿ’, ‘ಮಂತ್ರಿಸಿ’, ‘ಅಡೆಗಲ್ಲಿನ ಮೇಲೆ ಸರಿಪಡಿಸಿ’. ಬಾಳಿಕೆ, ಗಡಸು, ಗುರಾಣಿ, ಗಟ್ಟಿ ಇದ್ದ ಹಾಗೆಯೇ. ಎದೆಗೆ ಎದೆಗವಚ, ಕಾಲಿಗೆ ಕಾಲ್ಗವಚ, ತಲೆಗೆ ಹೆಲ್ಮೆಟ್.

ಬೆಂಗಳೂರಿನಿಂದ:

ಕಾಲ್ಗವಚದಲ್ಲಿ ಕಕಾರ ಗಕಾರವಾದದ್ದನ್ನು ಗಮನಿಸಿ. ಸಂಸ್ಕೃತದ ಪದವಾಗಿದ್ದರೆ ಅಷ್ಟು ಸುಲಭವಾಗಿ ಆದೇಶಸಂಧಿಗೆ ಒಗ್ಗುತ್ತಿತ್ತೇ?

ಧಾರವಾಡದಿಂದ:

ಒಗ್ಗುತ್ತದೆ. ಪಾದಕ್ಕೆ ಏನು ಬರೆದಿರಿ? ಅಲ್ಲಿಯಾದರೂ ಜೋಡು ಎನ್ನಬಹುದಿತ್ತು.

ಮೈಸೂರಿನಿಂದ:

ಬೂಟು. ಪಟ ಮುದ್ರಣಾಲಯಕ್ಕೆ ಹೋಗಿದೆ.